ಮಾರನೆಯ ದಿನ ಏನಾಗುತ್ತದೆ?

ಸುಸ್ತು ಎಂಬ ಒಂದೇ ಸಂಕಟಕ್ಕೆ ನಮ್ಮ ಕೋಲಾರದ ಕಡೆ ಎಷ್ಟೊಂದು ಮಾತುಗಳಿವೆ! ಆಯಾಸ, ದಣಿವು, ಬಳಲಿಕೆ, ನಿತ್ರಾಣ. ಮುಳಬಾಗಿಲು, ಶ್ರೀನಿವಾಸಪುರಗಳ ತೆಲುಗು ಮನೆಮಾತಿನವರಲ್ಲಾದರೆ ನೀರಸಂ. ಮಾತುಗಳು ಇಷ್ಟಿದ್ದರೂ ಹೇಳಿಕೊಂಡ ಹೆಂಗಸಿಗೆ ಸಿಗುವ ಉತ್ತರ ಮಾತ್ರ ಒಂದೇ: ‘ಅದೆಲ್ಲ ಎಲ್ಲರಿಗೂ ಇರೋದೇ ಬಿಡಮ್ಮ.’ ಡಾಕ್ಟರ ಹತ್ತಿರ ಹೋದರೆ ಒಂದು ಬಿ ಕಾಂಪ್ಲೆಕ್ಸ್ ಇಂಜೆಕ್ಷನ್, ಹೆಚ್ಚೆಂದರೆ ಒಂದು ಬಾಟಲಿ ಗ್ಲೂಕೋಸ್. ‘ಗ್ಲೂಕೋಸ್ ಹಾಕಿಸಿಕೊಂಡು ಬಂದೆ, ಈಗ ಪರವಾಗಿಲ್ಲ’ ಎಂದು ಆಕೆ ಮತ್ತೆ ಒಲೆಯ ಮುಂದೆ ನಿಲ್ಲುತ್ತಾಳೆ. ಬೆಳಿಗ್ಗೆ ಐದಕ್ಕೆ ಎದ್ದು, ಹಾಲು ಕರೆದು ಡೈರಿಗೆ ಹಾಕಿ, ಮಕ್ಕಳಿಗೆ ಡಬ್ಬಿ ಕಟ್ಟಿ, ಟೊಮೇಟೊ ತೋಟಕ್ಕೆ ಕೂಲಿಗೆ ಹೋಗುವವಳಿಗೂ ಅದೇ ಉತ್ತರ. ಮನೆಯಲ್ಲೇ ಇದ್ದು, ಎರಡು ಬಕೆಟ್ ಬಟ್ಟೆ ಒಗೆದು, ಮೂರು ದಿನ ಮಲಗುವವಳಿಗೂ ಅದೇ ಉತ್ತರ. ಇವರಿಬ್ಬರ ಸುಸ್ತೂ ಒಂದೇ ಬಗೆಯದೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾನು ಒಂದು ಸಿನಿಮಾ ನೋಡಿದೆ, ಕೆಲವು ಸಂಶೋಧನೆಗಳನ್ನು ಓದಿದೆ. ಅವುಗಳ ಬಗ್ಗೆ ಈ ಬರಹ.

ಸಿನಿಮಾದ ಹೆಸರು ‘ಅನ್‌ರೆಸ್ಟ್’, 2017ರಲ್ಲಿ ಬಂದ ಅಮೆರಿಕದ ಸಾಕ್ಷ್ಯಚಿತ್ರ. ನಿರ್ದೇಶಕಿ ಜೆನ್ನಿಫರ್ ಬ್ರಿಯಾ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದವರು. 2011ರಲ್ಲಿ ಅವರಿಗೆ ವಿಪರೀತ ಜ್ವರ ಬಂತು. ಜ್ವರ ಇಳಿಯಿತು, ಆರೋಗ್ಯ ಮಾತ್ರ ಮರಳಲಿಲ್ಲ. ನರರೋಗ ತಜ್ಞರೊಬ್ಬರು ಇದು ಮನಸ್ಸಿನ ಹಳೆಯ ಗಾಯವೊಂದು ದೇಹದಲ್ಲಿ ಕಾಣಿಸಿಕೊಳ್ಳುತ್ತಿರುವ ಬಗೆ ಎಂದರು. ಆ ವೈದ್ಯರ ಬಳಿಯಿಂದ ಎರಡು ಮೈಲಿ ನಡೆದು ಬಂದು, ಮನೆಯ ಬಾಗಿಲು ದಾಟುತ್ತಲೇ ಕುಸಿದುಬಿದ್ದದ್ದನ್ನೂ, ಆಮೇಲೆ ಎರಡು ವರ್ಷ ಹಾಸಿಗೆಯೇ ಗತಿಯಾದದ್ದನ್ನೂ ಅವರು 2016ರ ಒಂದು ಭಾಷಣದಲ್ಲಿ ಹೇಳಿಕೊಂಡಿದ್ದಾರೆ. ಸಿನಿಮಾದ ಬಹುಪಾಲನ್ನು ಅವರು ಮಲಗಿದಲ್ಲಿಂದಲೇ, ಕಂಪ್ಯೂಟರಿನ ಪರದೆಯ ಮೂಲಕ ದೂರದೂರದ ರೋಗಿಗಳೊಡನೆ ಮಾತಾಡುತ್ತ ನಿರ್ದೇಶಿಸಿದರು.

ಅವರ ಕಾಯಿಲೆಗೆ ಎರಡು ಹೆಸರುಗಳಿವೆ. ಇಂಗ್ಲೆಂಡಿನಲ್ಲಿ 1950ರ ದಶಕದಿಂದ ಬಂದದ್ದು ಮಯಾಲ್ಜಿಕ್ ಎನ್‌ಸೆಫಲೋಮೈಲೈಟಿಸ್ ಎಂಬ ಬಾಯಿ ತಿರುಗದ ಹೆಸರು. 1988ರಲ್ಲಿ ಅಮೆರಿಕದ ಸರ್ಕಾರಿ ತಜ್ಞರು ಇಟ್ಟದ್ದು ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ಬಹುಕಾಲದ ಬಳಲಿಕೆಯ ಕಾಯಿಲೆ ಎಂಬ ಹೆಸರು. ಈ ಎರಡನೆಯ ಹೆಸರು ರೋಗಿಗಳಿಗೆ ಮಾಡಿದ ಅನ್ಯಾಯ ಸಣ್ಣದಲ್ಲ. ಬಳಲಿಕೆ ಯಾರಿಗಿಲ್ಲ? ಹೆಸರು ಕೇಳಿದವರೆಲ್ಲ ‘ನನಗೂ ಇದೆ’ ಎಂದುಬಿಡಬಹುದು. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂಬತ್ತು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಪರಿಶೀಲಿಸಿ ಒಂದು ವರದಿ ಕೊಟ್ಟಿತು. ಅದರ ಪ್ರಕಾರ ಈ ಕಾಯಿಲೆಯ ಲಕ್ಷಣಗಳು ಹೀಗಿವೆ: ಮೊದಲು ಮಾಡುತ್ತಿದ್ದ ಕೆಲಸವನ್ನು ಆರು ತಿಂಗಳಿಗೂ ಮೀರಿ ಮಾಡಲಾಗದಿರುವುದು, ಎಷ್ಟು ಮಲಗಿದರೂ ದಣಿವು ಆರದಿರುವುದು, ಜೊತೆಗೆ ಯೋಚನೆಗೆ ಮಂಕು ಕವಿಯುವುದು ಅಥವಾ ಎದ್ದು ನಿಂತರೆ ತಡೆಯಲಾಗದಿರುವುದು. ಇವೆಲ್ಲಕ್ಕಿಂತ ಮುಖ್ಯವಾದ ಗುರುತು ಇನ್ನೊಂದು. ಸ್ವಲ್ಪ ಶ್ರಮ ಮಾಡಿದರೂ, ಅದು ಮೈಯ ಶ್ರಮವಿರಲಿ ತಲೆಯ ಶ್ರಮವಿರಲಿ, ಕಾಯಿಲೆ ಉಲ್ಬಣಿಸುತ್ತದೆ. ಎಷ್ಟೋ ಸಲ ಅದು ಆ ಹೊತ್ತಿಗೆ ಗೊತ್ತಾಗುವುದಿಲ್ಲ. ಮಾರನೆಯ ದಿನವೋ ಅದರ ಮಾರನೆಯ ದಿನವೋ ಬಂದು ಕೆಡವುತ್ತದೆ.

ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ಮಾಲೂರಿನಲ್ಲಿರುವ ನನ್ನ ಓರಗಿತ್ತಿ. ಮನೆಗೆಲಸವೆಲ್ಲ ಮುಗಿಸಿ ದಿನಕ್ಕೆ ನಾಲ್ಕು ರವಿಕೆ ಹೊಲಿಯುತ್ತಿದ್ದ ಗಟ್ಟಿ ಹೆಂಗಸು. 2021ರ ಎರಡನೇ ಅಲೆಯಲ್ಲಿ ಕೊರೋನಾ ಬಂತು. ಆಸ್ಪತ್ರೆ ಸೇರಬೇಕಾಗಲಿಲ್ಲ, ಹದಿನೈದು ದಿನದಲ್ಲಿ ಜ್ವರ, ಕೆಮ್ಮು ಎಲ್ಲ ಹೋಯಿತು. ಅಲ್ಲಿಂದ ಆಕೆ ಮೊದಲಿನ ಮನುಷ್ಯಳಾಗಿಲ್ಲ. ಒಂದು ದಿನ ಮಷಿನ್ ಮುಂದೆ ಕೂತು ಎರಡು ರವಿಕೆ ಹೊಲಿದರೆ ಮುಂದಿನ ಎರಡು ದಿನ ತಲೆ ಬಾಚಿಕೊಳ್ಳಲೂ ಕೈ ಎತ್ತಲಾರಳು. ರಕ್ತಪರೀಕ್ಷೆ ಮಾಡಿಸಿದ್ದಾಯಿತು; ರಕ್ತ ಸರಿಯಿದೆ, ಥೈರಾಯ್ಡ್ ಸರಿಯಿದೆ, ಸಕ್ಕರೆ ಇಲ್ಲ. ಮನೆಯಲ್ಲಿ ಅತ್ತೆ ಕೇಳುವ ಮಾತು ಒಂದೇ: ‘ನಿನ್ನೆ ಚೆನ್ನಾಗೇ ಇದ್ದೆಯಲ್ಲಮ್ಮ, ಇವತ್ತೇನಾಯಿತು?’ ತೋರಿಸಿದ ಡಾಕ್ಟರು ಒಳ್ಳೆಯವರೇ. ‘ಮನೆಯಲ್ಲೇ ಕೂತರೆ ಹೀಗೇ ಆಗೋದು, ದಿನಾ ಒಂದು ಗಂಟೆ ವಾಕಿಂಗ್ ಮಾಡಿ’ ಎಂದರು. ಆಕೆ ನಾಲ್ಕು ದಿನ ನಡೆದಳು. ಐದನೆಯ ದಿನದಿಂದ ಎರಡು ವಾರ ಏಳಲಿಲ್ಲ. ಆಕೆಗಿರುವುದು ಇದೇ ಕಾಯಿಲೆ ಎಂದು ನಾನು ತೀರ್ಪು ಕೊಡಲಾರೆ. ನಾನು ಹೇಳುವುದು ಇಷ್ಟೇ: ‘ನಿನ್ನೆ ಚೆನ್ನಾಗಿದ್ದೆಯಲ್ಲ’ ಎಂಬ ಮಾತನ್ನು ಅತ್ತೆ ಆಕ್ಷೇಪಣೆಯಾಗಿ ಆಡಿದರು. ಅದೇ ಮಾತನ್ನು ವೈದ್ಯರು ಪ್ರಶ್ನೆಯಾಗಿ ಕೇಳಿದ್ದರೆ ಅದು ಕಾಯಿಲೆಯ ಸುಳಿವಾಗುತ್ತಿತ್ತು.

‘ನಡೆಯಿರಿ’ ಎಂಬ ಆ ಸಲಹೆ ಎಲ್ಲಿಂದ ಬಂತು? ಆ ಡಾಕ್ಟರೊಬ್ಬರ ತಲೆಯಿಂದ ಹುಟ್ಟಿದ್ದಲ್ಲ. ಅದಕ್ಕೆ ದೊಡ್ಡ ಸಂಶೋಧನೆಯ ಬೆಂಬಲವಿತ್ತು. ಬ್ರಿಟನ್ನಿನಲ್ಲಿ 641 ರೋಗಿಗಳ ಮೇಲೆ ನಡೆದ ‘ಪೇಸ್’ ಎಂಬ ಪ್ರಯೋಗದ ಫಲಿತಾಂಶ 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನಸ್ಸಿನ ನಂಬಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ, ದಿನದಿಂದ ದಿನಕ್ಕೆ ಹೆಚ್ಚಿಸುತ್ತ ಹೋಗುವ ವ್ಯಾಯಾಮ, ಇವೆರಡರಿಂದ ರೋಗಿಗಳಿಗೆ ಅನುಕೂಲವಾಗುತ್ತದೆ ಎಂದು ಅದು ಹೇಳಿತು. 2013ರ ಇನ್ನೊಂದು ಲೇಖನದಲ್ಲಿ ಹೀಗೆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 22 ಮಂದಿ ಗುಣವಾದರು ಎಂದೂ ಬರೆದರು.

ಈ ಪ್ರಯೋಗವನ್ನು ಓದುವಾಗ ಒಂದು ಕಡೆ ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ದೇಹದ ಚಟುವಟಿಕೆಗೆ ನೂರು ಅಂಕದ ಒಂದು ಪ್ರಶ್ನಾವಳಿಯಿತ್ತು. 65 ಅಥವಾ ಅದಕ್ಕಿಂತ ಕಡಿಮೆ ಬಂದವರನ್ನು ಮಾತ್ರ ಪ್ರಯೋಗಕ್ಕೆ ಸೇರಿಸಿಕೊಂಡರು, ಅಷ್ಟು ಕಾಯಿಲೆಯವರೆಂದು. ಗುಣವಾಗಿದ್ದಾರೆ ಎನ್ನಲು ಮೊದಲು ನಿಗದಿಯಾಗಿದ್ದದ್ದು 85. ಆಮೇಲೆ ಅದನ್ನು 60ಕ್ಕೆ ಇಳಿಸಿದರು. ಅಂದರೆ 65 ಅಂಕದೊಡನೆ ಕಾಯಿಲೆಯವಳಾಗಿ ಒಳಗೆ ಹೋದವಳು, ಇನ್ನಷ್ಟು ಕೆಟ್ಟು 60ಕ್ಕೆ ಇಳಿದರೂ ಈ ಒಂದು ಲೆಕ್ಕದಲ್ಲಿ ಗುಣವಾದವರ ಸಾಲಿಗೆ ಸೇರಬಹುದು! 65 ಬಂದರೆ ಫೇಲ್ ಎಂದು ಟ್ಯೂಷನ್ನಿಗೆ ಸೇರಿಸಿಕೊಂಡು, ವರ್ಷದ ಕೊನೆಗೆ 60 ತೆಗೆದರೆ ಪಾಸ್ ಎನ್ನುವ ಮೇಷ್ಟರನ್ನು ನಮ್ಮ ಯಾವ ಊರಿನ ತಾಯಂದಿರಾದರೂ ಒಪ್ಪುತ್ತಾರೆಯೇ? ವ್ಯಾಯಾಮದ ಗುಂಪಿನವರು ಆರು ನಿಮಿಷದಲ್ಲಿ ನಡೆಯುತ್ತಿದ್ದ ದೂರ ಒಂದು ವರ್ಷದ ಕೊನೆಗೆ ಸರಾಸರಿ 312 ಮೀಟರಿನಿಂದ 379 ಮೀಟರಿಗೆ ಏರಿತು. ಆರೋಗ್ಯವಂತರು ಅಷ್ಟು ಹೊತ್ತಿನಲ್ಲಿ ಇದಕ್ಕಿಂತ ಬಹಳ ದೂರ ನಡೆಯುತ್ತಾರೆ. ಆ ನಡಿಗೆಯ ಮಾರನೆಯ ದಿನ ರೋಗಿಗೆ ಏನಾಯಿತು ಎಂಬುದು ಈ ಮೀಟರುಗಳಲ್ಲಿ ಎಲ್ಲೂ ಇಲ್ಲ.

ಇದನ್ನು ಮೊದಲು ಹಿಡಿದವರು ರೋಗಿಗಳು. ಮಲಗಿದಲ್ಲಿಂದಲೇ ಪಟ್ಟಿಗಳನ್ನು ಓದಿ, ಪತ್ರಿಕೆಗಳಿಗೆ ಪತ್ರ ಬರೆದು, ಮೂಲ ಅಂಕಿಅಂಶ ಕೊಡಿ ಎಂದು ಕೇಳಿದರು. ಕೊಡಲಿಲ್ಲ. ಆಸ್ಟ್ರೇಲಿಯಾದ ರೋಗಿ ಅಲೆಮ್ ಮ್ಯಾಥೀಸ್ ಮಾಹಿತಿ ಹಕ್ಕಿನ ಕಾನೂನಿನಡಿ ಹೋರಾಡಿ 2016ರಲ್ಲಿ ಗೆದ್ದರು. ಮೊದಲು ನಿಗದಿಯಾಗಿದ್ದ ಅಳತೆಯಲ್ಲೇ ಮತ್ತೆ ಲೆಕ್ಕ ಹಾಕಿದಾಗ, ಗುಣವಾದವರು ನೂರಕ್ಕೆ 22 ಇದ್ದದ್ದು 4ರಿಂದ 7ಕ್ಕೆ ಇಳಿಯಿತು. 2021ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆಯಾದ ‘ನೈಸ್’, ಏರಿಸುತ್ತ ಹೋಗುವ ವ್ಯಾಯಾಮವನ್ನು ಈ ಕಾಯಿಲೆಗೆ ಕೊಡಬಾರದು ಎಂದು ತನ್ನ 2007ರ ಸಲಹೆಯನ್ನು ಬದಲಾಯಿಸಿತು. ಈಗಿನ ಸಲಹೆ, ಇರುವ ಶಕ್ತಿಯ ಎಲ್ಲೆಯೊಳಗೆ ಬದುಕನ್ನು ಹೊಂದಿಸಿಕೊಳ್ಳಿ ಎಂಬುದು. ಕೈಯಲ್ಲಿ ಇಪ್ಪತ್ತು ರೂಪಾಯಿ ಇದ್ದಾಗ ಹದಿನೈದಕ್ಕೆ ನಿಲ್ಲಿಸುವ ಸಂಸಾರದ ಲೆಕ್ಕವೇ ಇದು. ನಮಗೇನೂ ಹೊಸದಲ್ಲ. ಮೈಯ ಲೆಕ್ಕವನ್ನು ಹೀಗೆ ಇಡಲು ನಮಗೆ ಯಾರೂ ಅನುಮತಿ ಕೊಟ್ಟಿರಲಿಲ್ಲ, ಅಷ್ಟೆ.

ಇಲ್ಲಿ ನೂರು ವರ್ಷ ಹಿಂದಕ್ಕೆ ಹೋದರೆ ಒಂದು ವಿಚಿತ್ರ ಕಾಣುತ್ತದೆ. 1887ರಲ್ಲಿ ಅಮೆರಿಕದ ಲೇಖಕಿ ಷಾರ್ಲೆಟ್ ಪರ್ಕಿನ್ಸ್ ಗಿಲ್ಮನ್ ಬಾಣಂತನದ ನಂತರ ಕುಗ್ಗಿಹೋದಾಗ, ವಿಯರ್ ಮಿಚೆಲ್ ಎಂಬ ಪ್ರಸಿದ್ಧ ವೈದ್ಯರು ಕೊಟ್ಟದ್ದು ‘ವಿಶ್ರಾಂತಿ ಚಿಕಿತ್ಸೆ’. ಮಲಗು, ತಿನ್ನು, ಮನೆ ಮಕ್ಕಳೆಂದು ಇರು, ಲೇಖನಿ ಮುಟ್ಟಬೇಡ. ಆ ಅನುಭವದಿಂದ ಹುಟ್ಟಿದ ‘ದಿ ಯೆಲ್ಲೋ ವಾಲ್‌ಪೇಪರ್’ ಎಂಬ ಕತೆ 1892ರಲ್ಲಿ ಪ್ರಕಟವಾಯಿತು. ಅಂದು ಓಡಾಡಬೇಕೆಂದವಳನ್ನು ಮಲಗಿಸಿದರು. ಇತ್ತೀಚಿನವರೆಗೆ ಮಲಗಬೇಕೆಂದವಳನ್ನು ನಡೆಸಿದರು. ಚಿಕಿತ್ಸೆ ತಲೆಕೆಳಗಾಗಿದೆ, ಆದರೆ ಎರಡರಲ್ಲೂ ಹೆಂಗಸಿನ ಮಾತಿಗೆ ಬೆಲೆಯಿಲ್ಲ. ಈ ಎರಡರ ನಡುವೆ ಇನ್ನೊಂದು ಘಟನೆಯಿದೆ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸುಮಾರು 300 ಸಿಬ್ಬಂದಿ ಒಟ್ಟಿಗೆ ಕಾಯಿಲೆ ಬಿದ್ದರು, ಹೆಚ್ಚಿನವರು ನರ್ಸುಗಳಂಥ ಹೆಂಗಸರು. ಹದಿನೈದು ವರ್ಷದ ಮೇಲೆ, 1970ರಲ್ಲಿ, ಇಬ್ಬರು ಮನೋವೈದ್ಯರು ಆ ರೋಗಿಗಳನ್ನು ಪರೀಕ್ಷಿಸದೆ ಹಳೆಯ ಕಡತಗಳನ್ನು ಓದಿ, ಇದು ಸಾಮೂಹಿಕ ಹಿಸ್ಟೀರಿಯಾ ಎಂದು ಬರೆದರು. ಅವರು ಕೊಟ್ಟ ಕಾರಣಗಳಲ್ಲಿ ಒಂದು, ರೋಗಿಗಳಲ್ಲಿ ಹೆಂಗಸರೇ ಹೆಚ್ಚು ಎಂಬುದು!

ಬ್ರಿಯಾ ಅವರ ಸಿನಿಮಾ ಈ ಅವಿಶ್ವಾಸಕ್ಕೆ ಕೊಟ್ಟ ಉತ್ತರ. ನೆಲದ ಮೇಲೆ ಬಿದ್ದು ಹಾಸಿಗೆಯವರೆಗೆ ತೆವಳಲಾಗದೆ ಒದ್ದಾಡುವುದನ್ನು ಅವರು ತಾವೇ ಚಿತ್ರಿಸಿ ತೋರಿಸಿದ್ದಾರೆ. ಡಾಕ್ಟರು ನೋಡುವುದು ಎದ್ದು ಬರಲಾದ ದಿನದ ರೋಗಿಯನ್ನು. ಏಳಲಾಗದ ದಿನದ ರೋಗಿಯನ್ನು ನೋಡಿದ್ದು ಕ್ಯಾಮೆರಾ. ಸಿನಿಮಾದ ದೊಡ್ಡ ಗುಣ ಇದು. ಡೆನ್ಮಾರ್ಕಿನ ಕರೀನಾ ಹ್ಯಾನ್ಸನ್ ಎಂಬ ಯುವತಿಯನ್ನು 2013ರಲ್ಲಿ ಮನೆಯಿಂದ ಬಲವಂತವಾಗಿ ಆಸ್ಪತ್ರೆಗೆ ಒಯ್ದ ಪ್ರಸಂಗವನ್ನು ನೋಡುವಾಗ ಹೊಟ್ಟೆ ಕಲಕುತ್ತದೆ. 2016ರಲ್ಲಿ ಹಲವು ನಗರಗಳಲ್ಲಿ ನಡೆದ ಪ್ರತಿಭಟನೆಗಳೂ ಅದರಲ್ಲಿವೆ. ಬೀದಿಯಲ್ಲಿ ಸಾಲುಸಾಲಾಗಿ ಖಾಲಿ ಚಪ್ಪಲಿ, ಬೂಟುಗಳು. ಮೆರವಣಿಗೆಗೆ ಬರಲಾಗದ ರೋಗಿಗಳು ತಮ್ಮ ಬದಲು ಅವನ್ನು ಕಳಿಸಿದ್ದರು.

ಆದರೂ ಈ ಸಿನಿಮಾ ನನ್ನನ್ನು ಪೂರ್ತಿ ಒಪ್ಪಿಸಲಿಲ್ಲ. ಬ್ರಿಯಾ ಅವರನ್ನು ಎತ್ತಿಕೊಂಡು ಹೋಗುವ ಗಂಡನಿದ್ದಾನೆ, ಮಲಗಲು ಬೇರೆ ಕೋಣೆಯಿದೆ, ಕತ್ತಲು, ಮೌನ ಎಲ್ಲ ಇವೆ. ಆ ಗಂಡನ ಪ್ರೀತಿ ನಿಜ, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಎರಡು ಕೋಣೆಯ ಮನೆಯಲ್ಲಿ, ಮಲಗಿದ ಹೆಂಗಸಿನ ಪಕ್ಕದಲ್ಲೇ ಕುಕ್ಕರ್ ಕೂಗುವಾಗ, ಆ ಕುಕ್ಕರ್ ಇಟ್ಟವರು ಯಾರು, ಹತ್ತು ವರ್ಷದ ಮಗಳೇ ಎಂಬ ಪ್ರಶ್ನೆ ಸಿನಿಮಾದೊಳಗೆ ಬರುವುದಿಲ್ಲ. ‘ನಮ್ಮನ್ನು ನಂಬಿ’ ಎಂದು ಅದು ಕೇಳುತ್ತದೆ. ಸರಿ, ನಂಬಿದೆವು. ನಂಬಿದ ಮೇಲೆ ಅವಳ ಪಾಲಿನ ಕೆಲಸವನ್ನು ಮಾಡುವವರು ಯಾರು? ನಮ್ಮ ಕಡೆ ಸುಸ್ತಿನ ಪ್ರಶ್ನೆ ಶುರುವಾಗುವುದೇ ಅಲ್ಲಿಂದ.

ಈ ಪ್ರಶ್ನೆಗೆ ಹತ್ತಿರ ಬಂದದ್ದು ನಮ್ಮ ದೇಶದಲ್ಲೇ ನಡೆದ ಒಂದು ಅಧ್ಯಯನ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ 18ರಿಂದ 50 ವರ್ಷದ ಸುಮಾರು 2500 ಹೆಂಗಸರನ್ನು ಮಾತಾಡಿಸಿ, 2005ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದರು. ನೂರಕ್ಕೆ 12 ಮಂದಿ ಆರು ತಿಂಗಳಿಗೂ ಮೀರಿದ ಬಳಲಿಕೆ ಹೇಳಿಕೊಂಡರು. ನಾವೆಲ್ಲ ರಕ್ತ ಕಡಿಮೆ ಎಂದುಕೊಳ್ಳುತ್ತೇವಲ್ಲ, ಇವರು ಹಿಮೋಗ್ಲೋಬಿನ್ ಅಳೆದೇ ನೋಡಿದರು; ಬಳಲಿಕೆಗೂ ಅದಕ್ಕೂ ನಂಟು ಸಿಗಲಿಲ್ಲ. ನಂಟು ಸಿಕ್ಕಿದ್ದು ಬಡತನದೊಡನೆ, ಗಂಡನ ಹಿಂಸೆಯೊಡನೆ, ಮನಸ್ಸಿನ ಕುಗ್ಗುವಿಕೆಯೊಡನೆ. ‘ಸುಸ್ತು’ ಎನ್ನುವ ಹೆಂಗಸು ಎಷ್ಟೋ ಸಲ ತನ್ನ ಸಂಸಾರದ ಕತೆಯನ್ನೇ ಹೇಳುತ್ತಿರುತ್ತಾಳೆ ಎಂದು ಅಂಕಿಸಂಖ್ಯೆಯಲ್ಲಿ ತೋರಿಸಿದ್ದು ಈ ಅಧ್ಯಯನದ ಹೆಚ್ಚುಗಾರಿಕೆ. ಆದರೆ ಇದನ್ನು ಬೇಕಾದಂತೆ ಓದಿಕೊಳ್ಳುವ ಅಪಾಯವೂ ಇದೆ. ಆ ನೂರಕ್ಕೆ 12 ಎಂಬುದು ಬಳಲಿಕೆ ಹೇಳಿಕೊಂಡವರ ಲೆಕ್ಕ, ಬ್ರಿಯಾ ಅವರ ಕಾಯಿಲೆಯ ಲೆಕ್ಕವಲ್ಲ. ‘ನೋಡಿದಿರಾ, ಹೆಂಗಸರ ಸುಸ್ತೆಲ್ಲ ಮನಸ್ಸಿನದು’ ಎಂದು ಯಾರಾದರೂ ಇದನ್ನು ಹಿಡಿದು ಹೇಳಿದರೆ, ಹೊಡೆತ ತಿನ್ನುವವಳಿಗೂ ಅನ್ಯಾಯ, ನನ್ನ ಓರಗಿತ್ತಿಗೂ ಅನ್ಯಾಯ. ಒಬ್ಬಳಿಗೆ ಬೇಕಾದದ್ದು ಗಂಡನ ಕೈ ತಡೆಯುವವರು. ಇನ್ನೊಬ್ಬಳಿಗೆ ಬೇಕಾದದ್ದು ಮೈಯನ್ನು ಸರಿಯಾಗಿ ಪರೀಕ್ಷಿಸುವವರು.

ಇನ್ನು ನಮ್ಮ ಜಿಲ್ಲೆಯಲ್ಲಿ ಮೂರನೆಯ ಬಗೆಯ ಸುಸ್ತೂ ಇದೆ, ಅದು ನೀರಿನಿಂದ ಬರುವಂಥದು. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಕೆರೆಗಳು ಬತ್ತಿದ ಮೇಲೆ ಬೋರ್‌ವೆಲ್ ಸಾವಿರ ಅಡಿಗೂ ಕೆಳಗೆ ಇಳಿದವು, ಆಳದ ಬಂಡೆಯಿಂದ ನೀರಿನ ಜೊತೆ ಫ್ಲೋರೈಡ್ ಕೂಡ ಬಂತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನಕ. ಅದು ಮೀರಿದರೆ ಮಕ್ಕಳ ಹಲ್ಲು ಕಂದು ತಿರುಗುತ್ತದೆ, ದೊಡ್ಡವರ ಮಂಡಿ, ಬೆನ್ನು ಬಿಗಿಯುತ್ತವೆ. ಕಣ್ಣಿಗೆ ಕಾಣುವ ಇವುಗಳ ಹಿಂದೆ ಕಾಣದ ಬಳಲಿಕೆ, ರಕ್ತಹೀನತೆಗಳೂ ಇವೆ ಎಂದು ಬಹುಕಾಲದಿಂದ ಹೇಳುತ್ತ ಬಂದ ವಿಜ್ಞಾನಿ ದೆಹಲಿಯ ಎ.ಕೆ. ಸುಶೀಲಾ. ರಕ್ತಹೀನತೆಯಿದ್ದ ಗರ್ಭಿಣಿಯರ ನೀರು, ಆಹಾರಗಳಿಂದ ಫ್ಲೋರೈಡ್ ತೆಗೆದು, ಪೌಷ್ಟಿಕ ಆಹಾರ ತಿನ್ನಲು ಹೇಳಿಕೊಟ್ಟಾಗ ಅವರ ರಕ್ತ ಸುಧಾರಿಸಿತು ಎಂದು ಅವರ ತಂಡ 2010ರಲ್ಲಿ ವರದಿ ಮಾಡಿತು. 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಇವರಿಗೆಲ್ಲ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಅವರ ಮನೆಯ ನೀರನ್ನೂ ಕೇಳಬೇಕಲ್ಲವೇ? ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆರಿದಷ್ಟೂ ಗಟ್ಟಿಯಾಗುತ್ತದೆ. ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು, ಅನ್ನ, ಸಾರಿಗೆ ಬೋರ್ ನೀರನ್ನೇ ಇಡುವ ಮನೆಗಳಲ್ಲಿ ಅರ್ಧ ಕೆಲಸ ಮಾತ್ರ ಆದಂತೆ.

ನೀರಿಗಾಗಿ ನಮ್ಮ ಹೆಂಗಸರು ಖಾಲಿ ಕೊಡ ಹಿಡಿದು ರಸ್ತೆಯಲ್ಲಿ ಕೂತಿದ್ದಾರೆ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಂದಾಗ ಸಂತೋಷಪಟ್ಟವರೂ ಇದ್ದರು, ಅದರ ಶುದ್ಧಿಯನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರೂ ಇದ್ದರು. ಈ ಖಾಲಿ ಕೊಡಗಳಿಗೂ ಆ ಖಾಲಿ ಚಪ್ಪಲಿಗಳಿಗೂ ಏನೋ ನೆಂಟಸ್ತನವಿದೆ ಎನ್ನಿಸುತ್ತದೆ. ಒಂದು ವ್ಯತ್ಯಾಸ ಮಾತ್ರ ಉಂಟು: ಕೊಡ ಹೊತ್ತು ಬರುವವಳು ಎದ್ದು ಬರಬಲ್ಲಳು. ಏಳಲಾಗದವಳ ಪರವಾಗಿ ನಮ್ಮ ಬೀದಿಗಳಲ್ಲಿ ಇನ್ನೂ ಯಾರೂ ಚಪ್ಪಲಿ ಇಟ್ಟದ್ದನ್ನು ನಾನು ನೋಡಿಲ್ಲ.

ಕನ್ನಡದಲ್ಲಿ ಹೆಂಗಸರ ಮೈಯ ಬಗ್ಗೆ ನಾಚಿಕೆಯಿಲ್ಲದೆ, ನಮಗೆ ತಿಳಿಯುವಂತೆ ಬರೆದವರು ಡಾ. ಅನುಪಮಾ ನಿರಂಜನ. ‘ತಾಯಿ ಮಗು’, ‘ವಧುವಿಗೆ ಕಿವಿಮಾತು’ ಓದಿ ಎಷ್ಟೋ ಮನೆಗಳಲ್ಲಿ ಮಾತು ಶುರುವಾಯಿತು. ಅವರ ನಂತರ ಪತ್ರಿಕೆಗಳ ಮಹಿಳಾ ಪುಟಗಳಲ್ಲಿ ಸುಸ್ತಿಗೆ ಸಿಕ್ಕಿದ್ದು ಹೆಚ್ಚಾಗಿ ಖರ್ಜೂರ, ನೆಲ್ಲಿಕಾಯಿ, ಬೆಳಗಿನ ನಡಿಗೆ, ‘ಸಕಾರಾತ್ಮಕ ಚಿಂತನೆ’. ಇವುಗಳಿಂದ ಕೇಡಿಲ್ಲ ಎನ್ನುತ್ತೇವೆ. ಕೇಡಿದೆ: ಇಷ್ಟೆಲ್ಲ ಮಾಡಿಯೂ ಏಳಲಾಗದವಳು ತಾನೇ ಸೋಮಾರಿ ಎಂದು ನಂಬಿಬಿಡುತ್ತಾಳೆ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯಲ್ಲಿ ಬೆಳೆದವರು ನಾವು. ಮಲಗಿದ ಹೆಂಗಸನ್ನು ಕಂಡರೆ ಆಕೆಯ ಮನೆಯವರಿಗಿಂತ ಮೊದಲು ಅವಳ ಮನಸ್ಸೇ ಅವಳನ್ನು ಬೈಯುತ್ತದೆ.

ವೈದ್ಯಶಾಸ್ತ್ರದಲ್ಲಿ ಈ ಕಾಯಿಲೆಗೆ ಇನ್ನೂ ಒಂದು ಖಚಿತ ರಕ್ತಪರೀಕ್ಷೆಯಿಲ್ಲ, ವಾಸಿ ಮಾಡುವ ಔಷಧವಿಲ್ಲ. ಒಂದು ಸಂಶೋಧನೆಯ ದಾರಿ ಮಾತ್ರ ನನಗೆ ಬಹಳ ಇಷ್ಟವಾಯಿತು. ರೋಗಿಯನ್ನು ಎರಡು ದಿನ ಬಿಡದೆ ಸೈಕಲ್ ತುಳಿಸಿ ಉಸಿರಾಟವನ್ನು ಅಳೆಯುತ್ತಾರೆ. ಮೊದಲ ದಿನ ಅಂಥ ವ್ಯತ್ಯಾಸ ಕಾಣದಿರಬಹುದು. ಎರಡನೆಯ ದಿನ ಆರೋಗ್ಯವಂತರು ನಿನ್ನೆಯಷ್ಟೇ ತುಳಿಯುತ್ತಾರೆ, ಈ ರೋಗಿಗಳಲ್ಲಿ ಅನೇಕರ ಶಕ್ತಿ ಕುಸಿಯುತ್ತದೆ. ಆ ಪರೀಕ್ಷೆಯೇ ತೀವ್ರ ಕಾಯಿಲೆಯವರನ್ನು ಇನ್ನಷ್ಟು ಕೆಡಿಸಬಹುದಾದ್ದರಿಂದ ಅದು ಎಲ್ಲರಿಗೂ ಆಗುವಂಥದಲ್ಲ. ಅದು ಹೇಳುವ ಪಾಠ ಮಾತ್ರ ಎಲ್ಲರಿಗೂ ಆಗುತ್ತದೆ: ಒಂದು ದಿನ ನೋಡಿ ತೀರ್ಮಾನ ಮಾಡಬಾರದು.

ಹಾಗಾಗಿ ನನ್ನ ಓರಗಿತ್ತಿಗೆ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಸಾಲು ಬರೆಯಲು ಹೇಳಿದ್ದೇನೆ. ಇವತ್ತು ಏನು ಕೆಲಸ ಮಾಡಿದೆ. ನಿನ್ನೆ, ಮೊನ್ನೆಯ ಕೆಲಸಕ್ಕೆ ಇವತ್ತು ಮೈ ಏನು ಹೇಳಿತು. ಮೂರು ವಾರದ ಲೆಕ್ಕ ಆದ ಮೇಲೆ ರಕ್ತಪರೀಕ್ಷೆಯ ಕಾಗದಗಳ ಜೊತೆ ಅದನ್ನೂ ಡಾಕ್ಟರ ಮೇಜಿನ ಮೇಲಿಡಬೇಕು. ಮನೆಯ ಬೋರ್ ನೀರನ್ನು ಒಂದು ಬಾಟಲಿಯಲ್ಲಿ ಪರೀಕ್ಷೆಗೆ ಕಳಿಸಬೇಕು. ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ, ಸಾಲಗಾರರು ಬಾಗಿಲಿಗೆ ಬರುತ್ತಾರೆಯೇ ಎಂದು ಕೇಳುವ ಡಾಕ್ಟರು ಸಿಕ್ಕಿದರೆ ಮುಚ್ಚಿಡದೆ ಹೇಳಬೇಕು. ಹಾಗೆ ಕೇಳುವವರು ‘ಹಾಗಾದರೆ ಇದೆಲ್ಲ ಮನಸ್ಸಿನದು’ ಎಂದು ಅಲ್ಲಿಗೇ ನಿಲ್ಲಿಸಿದರೆ ಬೇರೆ ಡಾಕ್ಟರನ್ನು ಹುಡುಕಬೇಕು. ಆಕೆಯ ಅತ್ತೆಗೂ ನಾನೊಂದು ಮಾತು ಹೇಳಿಬಂದೆ: ‘ಅತ್ತೆ, ನಿನ್ನೆ ಚೆನ್ನಾಗಿದ್ದಳು ಅಂತ ನೀವು ಕಂಡದ್ದು ನಿಜವೇ. ಅದನ್ನು ಅವಳ ಮೇಲೆ ಹಾಕಬೇಡಿ, ಆ ನೋಟ್‌ಬುಕ್ಕಿನಲ್ಲಿ ಬರೆಸಿ.’ ಅವರು ಏನೂ ಅನ್ನಲಿಲ್ಲ. ಪೆನ್ನು ಎಲ್ಲಿಟ್ಟಿದೆ ಎಂದು ಮೊಮ್ಮಗಳನ್ನು ಕೇಳಿದರು.